ಮರುಳು ಮಾಡುವ ಮಾತಿಗೆ ಮದ್ದು ಯಾವುದು?

(ಪೋತ್ನಾಳದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ದಿನದ ಕೂಲಿ ಬಿಟ್ಟು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ನೀವು ಇಲ್ಲಿಗೆ ಬಂದಿದ್ದೀರಿ. ಅದಕ್ಕೆ ತಕ್ಕ ಮಾತನ್ನು ನಾನು ಆಡಬೇಕು. ವರದಕ್ಷಿಣೆಯ ಬಗ್ಗೆ, ಹೊಡೆತ ಬಡಿತದ ಬಗ್ಗೆ ಈ ವೇದಿಕೆಯಲ್ಲಿ ಸಾಕಷ್ಟು ಚರ್ಚೆ ಆಗಿದೆ. ಹೊಡೆತಕ್ಕೆ ಬಾಸುಂಡೆ ಸಾಕ್ಷಿ ಹೇಳುತ್ತದೆ. ಸುಟ್ಟ ಗಾಯಕ್ಕೆ ಆಸ್ಪತ್ರೆಯ ಚೀಟಿ ಇರುತ್ತದೆ. ಆದರೆ ಸಿಹಿಮಾತಿನಿಂದ ಒಬ್ಬ ಹೆಣ್ಣುಮಗಳ ಬುದ್ಧಿಯನ್ನೇ ತನ್ನ ಕೈಗೆ ತೆಗೆದುಕೊಳ್ಳುವವನ ಹಿಂಸೆಗೆ ಯಾವ ಗುರುತೂ ಉಳಿಯುವುದಿಲ್ಲ. ಇವತ್ತು ನಾನು ಆ ಹಿಂಸೆಯ ಬಗ್ಗೆ ಮಾತಾಡುತ್ತೇನೆ.

ನಮ್ಮ ಕಡೆ ಒಬ್ಬ ಹುಡುಗಿ ಯಾರದೋ ಮಾತು ನಂಬಿ ಮನೆ ಬಿಟ್ಟಳೆಂದರೆ ಜನ ಏನಂತಾರೆ? "ಮದ್ದು ಹಾಕ್ಯಾನ" ಅಂತಾರೆ. ನಿಂಬೆಹಣ್ಣು ಮಂತ್ರಿಸುವವರನ್ನು, ತಾಯಿತ ಕಟ್ಟುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಮದ್ದು ಎಂದು ಹೇಳಿಬಿಟ್ಟರೆ ಮುಂದೆ ಯಾರೂ ಯೋಚನೆ ಮಾಡಬೇಕಾಗಿಲ್ಲ. ಅವನು ಏನು ಹೇಳಿದ, ಅವಳು ಯಾಕೆ ನಂಬಿದಳು, ಮನೆಯಲ್ಲಿ ಅವಳಿಗೆ ಏನು ಸಿಕ್ಕಿರಲಿಲ್ಲ ಎಂಬ ಪ್ರಶ್ನೆಗಳೆಲ್ಲ ಅಲ್ಲಿಗೇ ಮುಚ್ಚಿಹೋಗುತ್ತವೆ. ವಶೀಕರಣದ ಮದ್ದು ಲೋಕದಲ್ಲಿ ಎಲ್ಲೂ ಇಲ್ಲ. ಇರುವುದು ಒಂದು ವಿಧಾನ. ಅದನ್ನು ಬಿಡಿಸಿ ನೋಡಬಹುದು, ಕಲಿಯಬಹುದು, ಗುರುತಿಸಬಹುದು.

ಅದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣ ಹೇಳುತ್ತೇನೆ. ದಕ್ಷಿಣ ಕನ್ನಡ ಜಿಲ್ಲೆಯ ಮೋಹನ್ ಕುಮಾರ್ ಎಂಬವನು ಒಂದು ಕಾಲಕ್ಕೆ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ. 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳನ್ನು ಕೊಂದನೆಂಬ ಆರೋಪ ಅವನ ಮೇಲೆ ಬಂತು. ಪತ್ರಿಕೆಗಳು ಅವನನ್ನು 'ಸಯನೈಡ್ ಮೋಹನ್' ಎಂದು ಕರೆದವು. ಅವನ ಕಣ್ಣು ಬಿದ್ದದ್ದು ಬಡವರ ಮನೆಯ ಹೆಣ್ಣುಮಕ್ಕಳ ಮೇಲೆ. ಸಣ್ಣ ಪುಟ್ಟ ದುಡಿಮೆ ಮಾಡಿಕೊಂಡಿದ್ದವರು, ವರದಕ್ಷಿಣೆ ಕೊಡಲಾರದೆ ಮದುವೆ ಮುಂದೆ ಮುಂದೆ ಹೋಗುತ್ತಿದ್ದವರು. ಅವರ ಹತ್ತಿರ ಅವನು ಬೇರೆ ಬೇರೆ ಹೆಸರು ಹೇಳುತ್ತಿದ್ದ. ಸರ್ಕಾರಿ ನೌಕರಿ ಇದೆ ಅನ್ನುತ್ತಿದ್ದ. ಹುಡುಗಿಯ ಜಾತಿಯೇ ತನ್ನದೂ ಅನ್ನುತ್ತಿದ್ದ. ಕೊನೆಗೆ, ವರದಕ್ಷಿಣೆ ಒಂದು ಪೈಸೆಯೂ ಬೇಡ ಅನ್ನುತ್ತಿದ್ದ.

ಮದುವೆಗೆಂದು ಒಡವೆ ಹಾಕಿಕೊಂಡು ಬರಲು ಹೇಳಿ ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರಿನಂಥ ದೂರದ ಊರಿಗೆ ಕರೆದುಕೊಂಡು ಹೋಗುತ್ತಿದ್ದ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ರಾತ್ರಿ ಉಳಿಯುತ್ತಿದ್ದ. ಬೆಳಿಗ್ಗೆ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಹೇಳಿ ಒಂದು ಗುಳಿಗೆ ಕೊಡುತ್ತಿದ್ದ. ವಾಂತಿ ಬರಬಹುದು, ಶೌಚಾಲಯದೊಳಗೆ ಹೋಗಿ ನುಂಗು ಎಂದು ಹೇಳುತ್ತಿದ್ದ. ಅದು ಸಯನೈಡ್. ಒಳಗೆ ಹೋದವಳು ಹೊರಗೆ ಬರಲಿಲ್ಲ. ಅವನು ಒಡವೆ ಎತ್ತಿಕೊಂಡು ಊರಿಗೆ ಮರಳುತ್ತಿದ್ದ.

ಗೆಳತಿಯರೆ, ಆರು ವರ್ಷ ಇದು ಹೇಗೆ ನಡೆಯಿತು? ಒಂದೊಂದು ಊರಿನ ಪೊಲೀಸರು ಒಂದೊಂದು ಹೆಣ್ಣಿನ ಶವವನ್ನು ಗುರುತು ಸಿಗದ ಅಸಹಜ ಸಾವೆಂದು ಬರೆದುಕೊಂಡರು. ಇತ್ತ ತೌರಿನಲ್ಲಿ ಎಷ್ಟೋ ಮನೆಯವರು, ಮಗಳು ಯಾರ ಜೊತೆಗೋ ಓಡಿಹೋದಳು ಎಂದು ತಿಳಿದು ತಲೆ ತಗ್ಗಿಸಿ ಸುಮ್ಮನಾದರು. 2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ಹುಡುಗಿ ಕಾಣೆಯಾದಾಗ ಜನ ಸುಮ್ಮನಿರಲಿಲ್ಲ. ಪೊಲೀಸ್ ಠಾಣೆಯ ಮುಂದೆ ಗಲಾಟೆ ಆಯಿತು. ಫೋನ್ ಕರೆಗಳ ಜಾಡು ಹಿಡಿದು ಪೊಲೀಸರು ಆ ವರ್ಷದ ಅಕ್ಟೋಬರ್‌ನಲ್ಲಿ ಅವನನ್ನು ಬಂಧಿಸಿದರು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತು. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಸಾಯುವವರೆಗಿನ ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಮೊಕದ್ದಮೆಯ ತೀರ್ಪು ಬರುವಾಗ 2020 ಆಗಿತ್ತು.

ಈ ಕಥೆಯನ್ನು ಒಬ್ಬ ರಾಕ್ಷಸನ ಕಥೆಯೆಂದು ಕೇಳಿ ಮನೆಗೆ ಹೋದರೆ ನಮಗೆ ಏನೂ ಸಿಗುವುದಿಲ್ಲ. ಅವನು ಬಳಸಿದ ಮೆಟ್ಟಿಲುಗಳನ್ನು ಎಣಿಸಿ. ಮೊದಲನೆಯದು, ಕೊರತೆ ಹುಡುಕುವುದು. ಆ ಹುಡುಗಿಯರ ಕೊರತೆಯನ್ನು ಅವನು ಹುಟ್ಟಿಸಲಿಲ್ಲ. ಅದನ್ನು ಹುಟ್ಟಿಸಿದ್ದು ವರದಕ್ಷಿಣೆ. ಮದುವೆಯಾಗದ ಮಗಳು ಮನೆಗೆ ಭಾರ ಎಂದು ಹಗಲೂ ರಾತ್ರಿ ಹೇಳಿದ್ದು ನಾವು. ನಾವು ಗುಂಡಿ ತೋಡಿಟ್ಟೆವು, ಅವನು ಅದರ ಮೇಲೆ ಹುಲ್ಲು ಹಾಸಿದ. ಎರಡನೆಯದು, ನಾನು ನಿಮ್ಮವನೇ ಎಂದು ನಂಬಿಸುವುದು. ಜಾತಿಯ ಹೆಸರು ಹೇಳಿದ ಕೂಡಲೆ ನಾವು ಮುಂದಿನ ವಿಚಾರಣೆ ಬಿಟ್ಟುಬಿಡುತ್ತೇವೆ. ಮೂರನೆಯದು, ಗುಟ್ಟು ಮತ್ತು ಅವಸರ: ಯಾರಿಗೂ ಹೇಳಬೇಡ, ನಾಳೆಯೇ ಹೊರಡು. ನಾಲ್ಕನೆಯದು, ನಾಚಿಕೆ. ಒಂದು ರಾತ್ರಿ ಕಳೆದ ಮೇಲೆ ಆ ಹುಡುಗಿಗೆ ಹಿಂದಿರುಗುವ ದಾರಿ ಮುಚ್ಚಿತ್ತು. ಅಪ್ಪ ಅವ್ವನ ಮುಖಕ್ಕಿಂತ ಅವನ ಗುಳಿಗೆಯೇ ವಾಸಿ ಎನ್ನಿಸುವಷ್ಟು ನಾಚಿಕೆಯನ್ನು ಅವಳಿಗೆ ಕಲಿಸಿದ್ದು ಅವನಲ್ಲ.

ಹಾಗಾದರೆ ಒಲಿಸುವುದೆಲ್ಲ ತಪ್ಪೇ ಎಂದು ನೀವು ಕೇಳಬಹುದು. ಇಲ್ಲ. ಗಂಡು ಹೆಣ್ಣು ಒಬ್ಬರನ್ನೊಬ್ಬರು ಮೆಚ್ಚಿಸುವುದು, ಒಳ್ಳೆಯ ಮಾತಾಡುವುದು, ಹೂ ಕೊಡುವುದು ಬದುಕಿನ ಸೊಗಸು. ಮನ ಒಲಿಸುವವನು ತನ್ನ ಉದ್ದೇಶ ಹೇಳುತ್ತಾನೆ, ನಿಮ್ಮ ಉತ್ತರಕ್ಕೆ ಕಾಯುತ್ತಾನೆ, ಒಲ್ಲೆ ಎಂದರೆ ಬೇಸರಪಟ್ಟುಕೊಂಡಾದರೂ ಹೋಗುತ್ತಾನೆ. ಮರುಳು ಮಾಡುವವನು ಉದ್ದೇಶ ಮುಚ್ಚಿಡುತ್ತಾನೆ, ಯೋಚಿಸಲು ಸಮಯ ಕೊಡುವುದಿಲ್ಲ, ಒಲ್ಲೆ ಎಂಬ ಮಾತನ್ನು ನಿಮ್ಮ ಬಾಯಿಗೆ ಬರದಂತೆ ಮಾಡುತ್ತಾನೆ. ನನ್ನ ಅಳತೆಗೋಲು ಸರಳ: ಅವನು ನಿಮ್ಮ ಕಿವಿಯಲ್ಲಿ ಹೇಳಿದ ಮಾತನ್ನು ನಾಲ್ಕು ಜನರ ಮುಂದೆ ಹೇಳಬಲ್ಲನೇ? ಹೇಳಿದ ಮೇಲೂ ಆ ಮಾತು ನಿಲ್ಲುತ್ತದೆಯೇ? ಬೆಳಕಿಗೆ ತಂದ ಕೂಡಲೆ ಸಾಯುವ ಮಾತು ಮೋಸದ ಮಾತು.

ಈ ಅಳತೆಗೋಲನ್ನು ಮದುವೆಯ ಒಳಗೂ ಇಡಿ. ಅಲ್ಲಿಯೂ ಇದೇ ಆಟ ಬೇರೆ ವೇಷದಲ್ಲಿದೆ. 1938ರಲ್ಲಿ ಇಂಗ್ಲೆಂಡಿನಲ್ಲಿ 'ಗ್ಯಾಸ್ ಲೈಟ್' ಎಂಬ ನಾಟಕ ಬಂತು. ಅದರಲ್ಲಿ ಗಂಡನ ಕಳ್ಳಕೆಲಸದಿಂದ ಮನೆಯ ಗ್ಯಾಸಿನ ದೀಪ ಮಂಕಾಗುತ್ತದೆ. ಹೆಂಡತಿಗೆ ಅದು ಕಾಣುತ್ತದೆ. ಗಂಡ, ನಿನಗೆ ಭ್ರಮೆ, ನಿನ್ನ ತಲೆ ಸರಿಯಿಲ್ಲ ಎಂದು ಅವಳನ್ನೇ ನಂಬಿಸುತ್ತಾನೆ. ನಮ್ಮ ಮನೆಗಳಲ್ಲಿ ಇದಕ್ಕೆ ನಾಟಕ ಬೇಕಿಲ್ಲ. "ನಾ ಎಲ್ಲಿ ಹಂಗಂದೆ? ನಿನಗ ಮರವು." "ನಾ ಹೊಡದಿಲ್ಲ, ನೀನs ಬಿದ್ದಿ." ದಿನಾ ಕೇಳಿ ಕೇಳಿ ಅವಳು ತನ್ನ ಕಣ್ಣನ್ನೇ ನಂಬದಂತಾಗುತ್ತಾಳೆ.

ಇನ್ನೊಂದು, ಹೊಡೆದ ಮರುದಿನದ ಮಲ್ಲಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಬರೆದ ಪುಸ್ತಕದಲ್ಲಿ ಹಿಂಸೆಗೆ ಒಂದು ಚಕ್ರವಿರುತ್ತದೆ ಎಂದರು. ಮೊದಲು ಮನೆಯಲ್ಲಿ ಬಿಗುವು, ಆಮೇಲೆ ಹೊಡೆತ, ಆಮೇಲೆ ಕ್ಷಮೆ ಕೇಳಿ ಪ್ರೀತಿ ತೋರಿಸುವ ಕೆಲವು ದಿನ. ಆ ಕೆಲವು ದಿನಗಳ ಆಸೆಯೇ ಹೆಣ್ಣನ್ನು ಕಟ್ಟಿಹಾಕುತ್ತದೆ. ದಿನಾ ಸಿಗುವ ಪ್ರೀತಿಗಿಂತ ಯಾವಾಗಲೋ ಒಮ್ಮೆ ಸಿಗುವ ಪ್ರೀತಿಗೆ ಮನಸ್ಸು ಹೆಚ್ಚು ಕಾಯುತ್ತದೆ. "ಅಷ್ಟು ಹೊಡೆದರೂ ಬಿಟ್ಟು ಬರವಲ್ಲಳು" ಎಂದು ನಗುವವರು ಇದನ್ನು ತಿಳಿಯಬೇಕು.

ನಿಮ್ಮ ಸಂಘದ ಹಣಕ್ಕೂ ಈ ಮಾತು ಹೊಂದುತ್ತದೆ. "ನಿನ್ನ ಹೆಸರಲ್ಲಿ ಸಾಲ ತೆಗಿ, ನಾ ತೀರಿಸ್ತೀನಿ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದು ಗಂಡನೋ ಅಣ್ಣನೋ ಕೇಳುತ್ತಾನೆ. ಲೆಕ್ಕ ಕೇಳಿದರೆ ಪ್ರೀತಿ ಇಲ್ಲ ಎಂದಾಗುತ್ತದೆ. ಪ್ರೀತಿಯನ್ನು ಜಾಮೀನಾಗಿ ಇಟ್ಟುಕೊಂಡು ನಿಮ್ಮ ಸಹಿ ತೆಗೆದುಕೊಳ್ಳುವುದು ಕೂಡ ಮರುಳು ಮಾಡುವುದೇ.

ನಮ್ಮ ರಾಯಚೂರು ಸೀಮೆಗೆ ಒಪ್ಪಿಗೆಯ ಹೆಸರಿನ ಮೋಸ ಹೊಸದಲ್ಲ. ತಲೆಯಲ್ಲಿ ಜಡೆ ಗಂಟುಕಟ್ಟಿದರೆ ದೇವಿ ಕರೆದಳು ಎಂದು ಎಳೆಯ ಹುಡುಗಿಗೆ ಮುತ್ತು ಕಟ್ಟಿದರು. ಅದನ್ನು ಭಕ್ತಿ ಎಂದರು, ಅವಳ ಭಾಗ್ಯ ಎಂದರು. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾನೂನು ಆಯಿತು. ಆ ಹುಡುಗಿಯರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಆದರೂ ಕೆಟ್ಟ ಹೆಸರು ಮಾತ್ರ ಅವರಿಗೇ ಬಂತು. ನಮ್ಮ ಭಾಷೆಯನ್ನೇ ನೋಡಿ: ಮೋಹಿನಿ, ಮಾಯಾಂಗನೆ, ಮಾಟಗಾತಿ. ಮರುಳು ಮಾಡುವವಳು ಹೆಣ್ಣು ಎಂದೇ ಪದಗಳು ಹುಟ್ಟಿವೆ. ಹೆಣ್ಣನ್ನು ಮಾಯೆ ಎನ್ನುವುದನ್ನು ಅಲ್ಲಮಪ್ರಭು 12ನೆಯ ಶತಮಾನದಲ್ಲೇ ಒಪ್ಪಲಿಲ್ಲ. ನಾವಿನ್ನೂ ಒಪ್ಪಿಕೊಂಡೇ ಇದ್ದೇವೆ.

ಕಾನೂನಿನ ಮಾತು ಸ್ವಲ್ಪ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮು, ಈಡೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸುವುದನ್ನು ಅಪರಾಧ ಎನ್ನುತ್ತದೆ. ಕೆಲಸ ಕೊಡಿಸುತ್ತೇನೆಂಬ ಸುಳ್ಳು, ಗುರುತು ಮುಚ್ಚಿಟ್ಟು ಮದುವೆಯಾಗುವುದು ಕೂಡ ಅದರಲ್ಲಿ ಸೇರಿವೆ. 10 ವರ್ಷದವರೆಗೆ ಸಜೆ ಆಗಬಹುದು. ಆದರೆ ಮಾತು ಕೊಟ್ಟು ಆಮೇಲೆ ಮುರಿದದ್ದು ಬೇರೆ, ಮೊದಲಿನಿಂದಲೇ ಮೋಸದ ಉದ್ದೇಶ ಇದ್ದದ್ದು ಬೇರೆ ಎಂದು ಸುಪ್ರೀಂ ಕೋರ್ಟು ಹಲವು ತೀರ್ಪುಗಳಲ್ಲಿ ಹೇಳಿದೆ. ಆ ಉದ್ದೇಶವನ್ನು ಸಾಬೀತು ಮಾಡುವುದು ಸುಲಭವಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ಹಣಕಾಸಿನ ಹಿಂಸೆಯನ್ನೂ ಹಿಂಸೆ ಎಂದೇ ಒಪ್ಪುತ್ತದೆ. ಬಾಸುಂಡೆ ತೋರಿಸಲೇಬೇಕೆಂದಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ಸಂಖ್ಯೆ ಓದು ಬರದವರಿಗೂ ಬಾಯಿಪಾಠ ಆಗಲಿ.

ಒಂದು ಎಚ್ಚರಿಕೆ. ನನ್ನ ಮಾತು ಕೇಳಿ ಮನೆಗೆ ಹೋಗಿ ಮಗಳ ಫೋನು ಕಸಿದುಕೊಳ್ಳಬೇಡಿ, ಕಾಲೇಜು ಬಿಡಿಸಬೇಡಿ. ಕೂಡಿಹಾಕಿದ ಹುಡುಗಿಗೆ ಹೊರಗಿನಿಂದ ಬಂದ ಮೊದಲ ಸಿಹಿಮಾತೇ ಬಿಡುಗಡೆಯಂತೆ ಕೇಳಿಸುತ್ತದೆ. ಮೋಸಗಾರನಿಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಮಗಳು ಪ್ರೀತಿಸಿದ ಹುಡುಗ ಬೇರೆ ಜಾತಿಯವನು ಎಂಬ ಒಂದೇ ಕಾರಣಕ್ಕೆ ಅವನನ್ನು ಮೋಸಗಾರ ಎನ್ನಬೇಡಿ. ಮೋಹನ್ ಕುಮಾರ್ ಹೇಳಿಕೊಂಡದ್ದು ಅವರವರ ಜಾತಿಯನ್ನೇ ಎಂಬುದು ನೆನಪಿರಲಿ.

ನಾವು ಮಾಡಬೇಕಾದದ್ದು ಮೂರು ಕೆಲಸ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಮನಸ್ಸಿನ ಲೆಕ್ಕಕ್ಕೆ ಇಡಿ. ಯಾರು ಏನು ಮಾತು ಕೊಟ್ಟಿದ್ದಾರೆ, ಯಾರು ಯಾವ ಗುಟ್ಟು ಹೊತ್ತಿದ್ದಾರೆ ಎಂದು ಹೇಳಿಕೊಳ್ಳುವ ಜಾಗ ಅದಾಗಲಿ. ಅಲ್ಲಿ ಕೇಳಿದ್ದು ಊರ ಕಟ್ಟೆಗೆ ಹೋಗಬಾರದು. ಎರಡನೆಯದು, ಹುಡುಗಿ ಕಾಣೆಯಾದರೆ ಅದೇ ದಿನ ದೂರು ಕೊಡಿಸಿ. ಮನೆಯವರು ಮರ್ಯಾದೆಗೆ ಅಂಜಿದರೆ ಸಂಘದ ಹತ್ತು ಜನ ಅವರ ಜೊತೆ ಠಾಣೆಗೆ ನಡೆಯಿರಿ. ಬಂಟ್ವಾಳದಲ್ಲಿ ಪೊಲೀಸರು ಎಚ್ಚೆತ್ತದ್ದು ಜನ ಠಾಣೆಯ ಮುಂದೆ ನಿಂತ ಮೇಲೆಯೇ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ನಿಮ್ಮ ಹೆಣ್ಣುಮಕ್ಕಳಿಗೆ ಇವತ್ತು ರಾತ್ರಿಯೇ ಹೇಳಿ: "ಏನs ಆಗಿರಲಿ, ಎಷ್ಟೊತ್ತಾಗಿರಲಿ, ಎಂಥಾ ತಪ್ಪು ಆಗಿರಲಿ, ಮನಿಗಿ ಬಾ. ಬಾಗಲ ತಗೀತೀನಿ."

ಆ ಇಪ್ಪತ್ತು ಜನರಿಗೆ ಆ ಮಾತನ್ನು ಮನೆಯಲ್ಲಿ ಯಾರಾದರೂ ಮೊದಲೇ ಹೇಳಿದ್ದರೆ, ಒಬ್ಬಳಾದರೂ ಗುಳಿಗೆ ಕೈಯಲ್ಲಿ ಹಿಡಿದು ಶೌಚಾಲಯಕ್ಕೆ ಹೋಗುವ ಬದಲು ಊರ ಬಸ್ಸು ಹತ್ತುತ್ತಿದ್ದಳೇನೋ. ಮರುಳು ಮಾಡುವ ಮಾತಿಗೆ ನನಗೆ ತಿಳಿದ ಮದ್ದು ಇದೊಂದೇ.