ಬಾವಂಚಿ ಬೀಜ ಮತ್ತು ಬಿಸಿಲು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನ ವಿಷಯವಾಗಿಯೋ ಏಕೀಕರಣದ ವಿಷಯವಾಗಿಯೋ ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ ವಿಷಯ ‘ನಾಡಮದ್ದು ಮತ್ತು ವಿಜ್ಞಾನ’. ನಾವು ವೈದ್ಯರಲ್ಲ, ಸಸ್ಯಶಾಸ್ತ್ರಜ್ಞರೂ ಅಲ್ಲ, ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ. ಆದರೂ ಒಪ್ಪಿಕೊಂಡೆವು. ಕಾರಣವನ್ನು ಮುಚ್ಚಿಡಬೇಕಾಗಿಲ್ಲ. ಈ ಧ್ವನಿವರ್ಧಕವನ್ನು ಹಿಡಿದಿರುವ ಬೆರಳುಗಳನ್ನು ಮುಂದಿನ ಸಾಲಿನವರು ಆಗಲೇ ನೋಡಿರಬೇಕು. ಅವುಗಳ ತುದಿ ಬಿಳಿ. ನಮಗೆ ತೊನ್ನು ಇದೆ. ಆದುದರಿಂದ ಗಿಡಮೂಲಿಕೆಗಳ ಇಡೀ ಶಾಸ್ತ್ರವನ್ನು ಬಲ್ಲವರಿಗೆ ಬಿಟ್ಟು, ನಮಗೆ ಸಂಬಂಧಿಸಿದ ಒಂದೇ ಒಂದು ಬೀಜದ ಕಥೆಯನ್ನು ಹೇಳುತ್ತೇವೆ.

ಆ ಬೀಜ ಬಾವಂಚಿ. ಬೇಗಂ ಬಜಾರಿನ ಗಂಧಿಗೆ ಅಂಗಡಿಗಳಲ್ಲಿ ತೆಲುಗಿನವರು ಬಾವಂಚಾಲು ಎಂದೂ ಉರ್ದು ಮಾತನಾಡುವವರು ಬಾಬ್ಚಿ ಎಂದೂ ಕೇಳುವುದು ಇದನ್ನೇ. ಸಂಸ್ಕೃತದಲ್ಲಿ ಬಾಕುಚಿ. ಕಪ್ಪಗೆ, ಸಣ್ಣಗೆ, ನೋಡಲು ಏನೂ ಅಲ್ಲದ ಬೀಜ.

ನಮಗೆ ಹನ್ನೆರಡು ವರ್ಷವಾಗಿದ್ದಾಗ ಎಡ ಮುಂಗೈಯ ಮೇಲೆ ರೂಪಾಯಿಯಗಲದ ಬಿಳಿ ಮಚ್ಚೆ ಕಾಣಿಸಿತು; ಅನಂತರ ಬೆರಳ ತುದಿಗಳು ಬೆಳ್ಳಗಾದುವು. ಕಲಬುರಗಿ ಕಡೆಯ ಹಳ್ಳಿ. ನಮ್ಮ ಆಯಿ, ಎಂದರೆ ತಂದೆಯ ತಾಯಿ, ಬಾವಂಚಿಯನ್ನು ಗೋಮೂತ್ರದಲ್ಲಿ ನೆನೆಯಿಟ್ಟು ಅರೆದು ಹಚ್ಚಿ, “ಹಚ್ಚಿದ್ರ ಸಾಲದು, ಬಿಸಲಾಗ ಕೂಡು” ಎಂದರು. ಕಲಬುರಗಿಯ ಬಿಸಿಲು ಎಂಥದೆಂದು ಈ ಸಭೆಗೆ ವರ್ಣಿಸಬೇಕಾಗಿಲ್ಲ. ಏಪ್ರಿಲ್ ತಿಂಗಳು, ಒಂದು ತಾಸು ಕೂತೆವು. ಮೂರನೆಯ ದಿನ ಮುಂಗೈ ಕೆಂಪಗಾಗಿ, ನಿಂಬೆಹಣ್ಣಿನಷ್ಟು ದೊಡ್ಡ ಬೊಬ್ಬೆ ಎದ್ದಿತು. ಕೀವಾಯಿತು, ಜ್ವರ ಬಂದಿತು. ತಂದೆ ಆಯಿಯ ಮೇಲೆ ರೇಗಿದರು. ಆಯಿ ಎರಡು ದಿನ ಊಟ ಬಿಟ್ಟರು. ಆದರೆ ಗಾಯ ಮಾದ ಮೇಲೆ ಆ ಬಿಳುಪಿನ ನಡುವೆ ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕೆಗಳು ಎದ್ದಿದ್ದುವು. ಬೆರಳುಗಳಲ್ಲಿ ಮಾತ್ರ ಒಂದು ಚುಕ್ಕೆಯೂ ಇಲ್ಲ. ಹಾಗಾದರೆ ಆಯಿಯ ಮದ್ದು ಸರಿಯೋ ತಪ್ಪೋ? ಈ ಪ್ರಶ್ನೆ ನಮ್ಮ ತಲೆಯಿಂದ ಹೋಗಲೇ ಇಲ್ಲ. ಲೆಕ್ಕಪತ್ರದ ನಡುವೆ ಬಿಡುವಾದಾಗಲೆಲ್ಲ ಓದಿದೆವು, ತಿಳಿದವರನ್ನು ಕೇಳಿದೆವು.

ತೊನ್ನಿಗೆ ಮದ್ದು ಹುಡುಕಿದ್ದು ಹಳೆಯ ಕಥೆ. ಅಥರ್ವವೇದದಲ್ಲಿಯೇ ಮೈಮೇಲಿನ ಬಿಳಿ ಕಲೆಯನ್ನು ಕಳೆಯೆಂದು ಕಪ್ಪು ಗಿಡವೊಂದನ್ನು ಬೇಡುವ ಸೂಕ್ತವುಂಟು. ಚರಕಸಂಹಿತೆಯಲ್ಲಿ ಇದಕ್ಕೆ ಶ್ವಿತ್ರವೆಂದು ಹೆಸರು. ಕಾಡತ್ತಿಯ ರಸವನ್ನು ಬೆಲ್ಲದೊಡನೆ ಕುಡಿದು, ಶಕ್ತಿಯಿದ್ದಷ್ಟು ಬಿಸಿಲು ಕಾಯಬೇಕೆಂದು ಅಲ್ಲಿ ಹೇಳಿದೆ. ಈಜಿಪ್ಟಿನಲ್ಲಿ ನೈಲ್ ನದಿಯ ಬಯಲಿನಲ್ಲಿ ಬೆಳೆಯುವ ಬೇರೊಂದು ಗಿಡದ ಪುಡಿಯನ್ನು ತಿಂದು ಬಿಸಿಲಿಗೆ ನಿಲ್ಲಬೇಕೆಂದು 13ನೆಯ ಶತಮಾನದ ಇಬ್ನ್ ಅಲ್‌ಬೈತಾರ್ ಬರೆದಿದ್ದಾನೆ. ಗಿಡ ಬೇರೆ, ದೇಶ ಬೇರೆ. ಬಿಸಿಲು ಮಾತ್ರ ಎರಡು ಕಡೆಯೂ ಒಂದೇ.

ಬೀಜದೊಳಗೆ ಏನಿದೆಯೆಂದು ಬಿಡಿಸಿ ನೋಡಿದ ಯಶಸ್ಸು ನಮ್ಮವರದು. 1933ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ. ಎಲ್. ಮಂಜುನಾಥರು, ಎಚ್. ಎಸ್. ಜೋಯಿಸರು, ಎಸ್. ವೆಂಕಟರಾಯರು ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆಯ ಲೇಖನವನ್ನು ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬೇರ್ಪಡಿಸಿದ ಹರಳಿಗೆ ಸೊರಾಲೆನ್ ಎಂದು ಹೆಸರು. ನವೆಂಬರ್ ತಿಂಗಳಲ್ಲಿ ಕನ್ನಡನಾಡಿನ ಹಿರಿಮೆಯನ್ನು ಎಣಿಸುವಾಗ ಈ ಮೂವರ ಹೆಸರು ಯಾರ ಬಾಯಲ್ಲಿಯೂ ಬರುವುದಿಲ್ಲವೆಂಬುದು ನಮಗೆ ಸ್ವಲ್ಪ ಬೇಸರದ ಸಂಗತಿ. ಅತ್ತಿಯ ಜಾತಿಯ ಅಂಜೂರದ ಎಲೆಯಲ್ಲಿಯೂ ಇದೇ ಸೊರಾಲೆನ್ ಇದೆಯೆಂದು ಮುಂದೆ ತಿಳಿಯಿತು. ನೈಲ್ ಬಯಲಿನ ಗಿಡದಲ್ಲಿ ಸಿಕ್ಕಿದ್ದೂ ಅದೇ ವಂಶದ್ದು. ಅದನ್ನು ತೊನ್ನಿನವರಿಗೆ ಕೊಟ್ಟು ನೋಡಿ, ಎಲ್ ಮೊಫ್ತಿ ಎಂಬ ಈಜಿಪ್ಟಿನ ಚರ್ಮವೈದ್ಯರು 1948ರಲ್ಲಿ ಫಲವನ್ನು ಪ್ರಕಟಿಸಿದರು. 1974ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೈದ್ಯರು ಈ ವಂಶದ ಗುಳಿಗೆಯನ್ನೂ ಅಳತೆಮಾಡಿದ ಅತಿನೇರಳೆ ದೀಪವನ್ನೂ ಜೊತೆಗೂಡಿಸಿ ಸೋರಿಯಾಸಿಸ್ ರೋಗಕ್ಕೆ ಕೊಟ್ಟರು. ಆ ತಂಡದಲ್ಲಿ ಮಧು ಪಾಠಕರೆಂಬ ಭಾರತೀಯರೂ ಇದ್ದರು.

ಅದು ಕೆಲಸ ಮಾಡುವ ಬಗೆ ವಿಚಿತ್ರವಾದುದು. ಸೊರಾಲೆನ್ನಿನ ಅಣು ಚಪ್ಪಟೆ, ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ ಕೂಡುತ್ತದೆ. ಕತ್ತಲಲ್ಲಿ ಸುಮ್ಮನಿರುತ್ತದೆ. 320ರಿಂದ 400 ನ್ಯಾನೊಮೀಟರಿನ ಅತಿನೇರಳೆ ಕಿರಣ ಬಿದ್ದೊಡನೆ ಏಣಿಗೆ ಬೆಸೆದುಕೊಳ್ಳುತ್ತದೆ. ತೊನ್ನಿನಲ್ಲಿ ನಮ್ಮ ಮೈಯ ಕಾವಲು ಕಣಗಳೇ ಬಣ್ಣದ ಕಣಗಳನ್ನು ವೈರಿಗಳೆಂದು ಭ್ರಮಿಸಿ ಕೊಲ್ಲುತ್ತವೆ; ಈ ಚಿಕಿತ್ಸೆ ಆ ಕಾವಲಿನವರನ್ನು ತಣಿಸಿ, ಕೂದಲ ಬುಡದಲ್ಲಿ ಉಳಿದ ಬಣ್ಣದ ಕಣಗಳನ್ನು ಎಬ್ಬಿಸಿ ಮೇಲಕ್ಕೆ ತರುತ್ತದೆ. ಆದುದರಿಂದಲೇ ಬಣ್ಣ ಮೊದಲು ರೋಮದ ಸುತ್ತ ಚುಕ್ಕೆಯಾಗಿ ಕಾಣುವುದು. ನಮ್ಮ ಮುಂಗೈಯ ಎಳ್ಳುಚುಕ್ಕೆಗಳ ಗುಟ್ಟು ಇದು. ಬೆರಳ ತುದಿಯಲ್ಲಿ ರೋಮವಿಲ್ಲ. ಎಬ್ಬಿಸುವುದಕ್ಕೆ ಅಲ್ಲಿ ಯಾರೂ ಇಲ್ಲ.

ಬೊಬ್ಬೆಯ ಗುಟ್ಟೂ ಇದೇ. ಬೀಜದಿಂದ ಬೀಜಕ್ಕೆ ಸತ್ತ್ವ ಬೇರೆ, ಮಾಘದ ಬಿಸಿಲು ಬೇರೆ, ವೈಶಾಖದ್ದು ಬೇರೆ. ಇಬ್ಬರ ತೊಗಲು ಒಂದೇ ಅಲ್ಲ. ಆಯಿಯ ಅಳತೆ ಎಂದರೆ ‘ಒಂದು ಮುಷ್ಟಿ’ ಮತ್ತು ‘ಒಂದು ತಾಸು’. ಚರಕನಾದರೂ ‘ಶಕ್ತಿಯಿದ್ದಷ್ಟು’ ಎಂದು ಒಂದು ಎಚ್ಚರಿಕೆಯನ್ನು ಇಟ್ಟಿದ್ದ. ಅಳೆದು ಕೊಟ್ಟರೂ ಅಪಾಯ ಪೂರಾ ತಪ್ಪುವುದಿಲ್ಲ. ಗುಳಿಗೆ ನುಂಗಿದರೆ ವಾಕರಿಕೆ. ಆ ದಿನವೆಲ್ಲ ಕಣ್ಣಿಗೆ ಕಪ್ಪು ಕನ್ನಡಕ ಬೇಕು. ಅಮೆರಿಕದಲ್ಲಿ ಹೀಗೆ ಚಿಕಿತ್ಸೆ ಪಡೆದ ಸೋರಿಯಾಸಿಸ್ ರೋಗಿಗಳನ್ನು ದಶಕಗಳ ಕಾಲ ಗಮನಿಸಿದಾಗ, ಬಹಳ ಸಲ ಪಡೆದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿದ್ದುದು ಕಂಡುಬಂದಿತು. ಬಾವಂಚಿಯನ್ನು ಹೊಟ್ಟೆಗೆ ತೆಗೆದುಕೊಂಡು ಯಕೃತ್ತು ಕೆಟ್ಟ ವರದಿಗಳೂ ಉಂಟು. ಗಿಡದ್ದು, ಏನೂ ಮಾಡುವುದಿಲ್ಲ ಎನ್ನುವವರಿಗೆ ನಾವು ಮುಂಗೈಯ ಗಾಯದ ಗುರುತನ್ನು ತೋರಿಸುತ್ತೇವೆ.

ಮುಂದಿನದು ಇನ್ನೂ ಸೋಜಿಗ. 1997ರಲ್ಲಿ ಹಾಲೆಂಡಿನ ವೈದ್ಯರು, ಸುಮಾರು 311 ನ್ಯಾನೊಮೀಟರಿನ ಕಿರಣವೊಂದೇ ಸಾಕು, ಸೊರಾಲೆನ್ ಬೇಡವೆಂದು ತೋರಿಸಿದರು. ಈಗ ಹೆಚ್ಚಿನ ಆಸ್ಪತ್ರೆಗಳಲ್ಲಿ ನಡೆಯುವುದು ಅದೇ. 2022ರಲ್ಲಿ ಅಮೆರಿಕದಲ್ಲಿ, ಆ ಕಾವಲು ಕಣಗಳನ್ನೇ ತಡೆಯುವ ಒಂದು ಮುಲಾಮಿಗೆ ಅನುಮತಿ ದೊರೆಯಿತು. ಬಾವಂಚಿಯ ಅಭಿಮಾನಿಗಳಿಗೆ ಇದು ಸೋಲೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಬೆಳಕಿನಲ್ಲಿ ಮದ್ದಿದೆಯೆಂದು ತೋರಿಸಿಕೊಟ್ಟದ್ದು ಆ ಬೀಜವೇ.

ನಮ್ಮ ಹೈದರಾಬಾದಿನಲ್ಲಿಯೂ ಈ ಕೆಲಸ ಬಹುಕಾಲದಿಂದ ನಡೆದಿದೆ. ಎರ್ರಗಡ್ಡದಲ್ಲಿರುವ ಕೇಂದ್ರ ಸರ್ಕಾರದ ಯುನಾನಿ ಸಂಶೋಧನ ಸಂಸ್ಥೆ ತೊನ್ನಿನ ಚಿಕಿತ್ಸೆಗೆ ಹೆಸರಾದುದು. ಅದು ಈಗ ಚರ್ಮರೋಗಗಳ ರಾಷ್ಟ್ರೀಯ ಯುನಾನಿ ಸಂಸ್ಥೆಯಾಗಿದೆ. ಯುನಾನಿಯಲ್ಲಿ ತೊನ್ನಿಗೆ ಬರಸ್ ಎನ್ನುತ್ತಾರೆ. ಅಲ್ಲಿಯ ಮದ್ದಿನಲ್ಲಿಯೂ ಬಾಬ್ಚಿ ಉಂಟು, ಬಿಸಿಲೂ ಉಂಟು. ಅಲ್ಲಿನ ಸಾಲಿನಲ್ಲಿ ನಿಂತಾಗ ಬೀದರ, ಕಲಬುರಗಿಯ ಕನ್ನಡ ನಮ್ಮ ಕಿವಿಗೆ ಬಿದ್ದಿದೆ.

ಯಾವ ಪದ್ಧತಿಯ ಮದ್ದೇ ಆಗಲಿ, ‘ಇಷ್ಟು ಜನಕ್ಕೆ ಗುಣವಾಯಿತು’ ಎಂಬ ಮಾತನ್ನು ನಾವು ಗುಮಾಸ್ತೆಯ ಕಣ್ಣಿನಿಂದ ನೋಡುತ್ತೇವೆ. ಗುಣವಾದವರು ಬಂದು ಹೇಳುತ್ತಾರೆ. ಆಗದವರು ಬರುವುದನ್ನೇ ಬಿಡುತ್ತಾರೆ. ಜಮಾ ಮಾತ್ರ ಬರೆದು ಖರ್ಚು ಬಿಟ್ಟ ಖಾತೆ ಅದು. ಕೆಲವು ಮಚ್ಚೆಗಳು ತಾವಾಗಿಯೇ ತುಂಬುವುದೂ ಉಂಟು. ತೊನ್ನಿನಲ್ಲಿ ಸಂಶೋಧಕರಿಗೆ ಒಂದು ಅನುಕೂಲವಿದೆ: ಒಬ್ಬನದೇ ಎಡಗೈಗೆ ಮದ್ದು, ಬಲಗೈಗೆ ಬರಿಯ ಎಣ್ಣೆ, ಎರಡಕ್ಕೂ ಅಷ್ಟೇ ಬಿಸಿಲು, ಯಾವುದು ಯಾವುದೆಂದು ರೋಗಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. ನಾಡಮದ್ದಿಗೆ ಇಂಥ ಪರೀಕ್ಷೆ ಅವಮಾನವೆಂದು ಕೆಲವು ಹಿರಿಯರು ಹೇಳುವರು. ಪರೀಕ್ಷೆಯಿಲ್ಲದೆ ಬೊಬ್ಬೆ ತಿಂದವರ ಮಾತನ್ನೂ ಅವರು ಕೇಳಬೇಕು.

ಇಷ್ಟೆಲ್ಲ ತಿಳಿದ ಮೇಲೂ ಬಹುಮಂದಿ ಇದನ್ನು ಬಿಳಿ ಕುಷ್ಠವೆನ್ನುವುದನ್ನು ಬಿಟ್ಟಿಲ್ಲ. ಇದು ಕುಷ್ಠವಲ್ಲ, ಮುಟ್ಟಿದರೆ ಅಂಟುವುದಿಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮರಗಟ್ಟುತ್ತದೆ. ನಮ್ಮ ಬೆರಳಿಗೆ ಹೊಸ ನೋಟು ಹಳೆಯ ನೋಟುಗಳ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಪ್ರಪಂಚದಲ್ಲಿ ಇನ್ನೂರಕ್ಕೊಬ್ಬರಿಂದ ನೂರಕ್ಕೊಬ್ಬರವರೆಗೆ ಇದು ಇದೆ. ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಇದು ಬರುವುದಿಲ್ಲ. ಈ ಲೆಕ್ಕ ನಮಗೆ ಮೊದಲೇ ಬಾಯಿಪಾಠವಾಗಿದ್ದರೆ, ನಮ್ಮ ತಂಗಿಯನ್ನು ನೋಡಲು ಬಂದವರು ಚಹದ ಬಸಿ ಕೊಟ್ಟ ನಮ್ಮ ಕೈಯನ್ನು ನೋಡಿ ಎದ್ದುಹೋದ ದಿನ ಹೇಳುತ್ತಿದ್ದೆವು. ಅಂದು ನಾವು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆವು, ಅಷ್ಟೆ. ತಂಗಿಗೆ ಅನಂತರ ಒಳ್ಳೆಯ ಮನೆ ದೊರೆಯಿತು. ಆದರೂ ಆ ಸಂಜೆಯನ್ನು ಅವಳೂ ಮರೆತಿಲ್ಲ, ನಾವೂ ಮರೆತಿಲ್ಲ.

ದೀಪದ ಚಿಕಿತ್ಸೆಯಿಂದ ನಮ್ಮ ಮುಂಗೈ ಬಹುಮಟ್ಟಿಗೆ ತುಂಬಿದೆ. ಬೆರಳುಗಳು ಹಾಗೆಯೇ ಇವೆ. ಕಳೆದ ಯುಗಾದಿಗೆ ಊರಿಗೆ ಹೋದಾಗ ಆಯಿ ನಮ್ಮ ಕೈ ಹಿಡಿದು, ಕಣ್ಣಿಗೆ ಹತ್ತಿರ ತಂದುಕೊಂಡು, “ಬೆರಳು ಯಾಕ ತುಂಬಿಲ್ಲ?” ಎಂದರು. ಅಲ್ಲಿ ಕೂದಲಿಲ್ಲ, ಬಣ್ಣ ಬರುವುದು ಕೂದಲ ಬುಡದಿಂದ ಎಂದು ವಿವರಿಸಿದೆವು. ಆಯಿ ಬಹಳ ಹೊತ್ತು ತಮ್ಮ ಬೆರಳುಗಳನ್ನೂ ನಮ್ಮವನ್ನೂ ಹೋಲಿಸಿ ನೋಡಿದರು. ಆಮೇಲೆ, “ಹಂಗಾದ್ರ ಬೆರಳಿಂದು ನನ್ನ ತಪ್ಪಲ್ಲ. ಬೊಬ್ಬಿ ಎದ್ದದ್ದು ನನ್ನ ತಪ್ಪು” ಎಂದರು.