ಯುದ್ಧಕ್ಕೆ ಇಲ್ಲವೆಂದ ನಾಯಕ, ಮದ್ಯಕ್ಕೆ ಇಲ್ಲವೆನ್ನಲಾಗದ ಮನುಷ್ಯ

(ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣ)





ಇಂದು ನಾನು ಆಯ್ದುಕೊಂಡಿರುವ ವ್ಯಕ್ತಿ ಚಾರ್ಲ್ಸ್ ಕೆನಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಗೂ ಇವರಿಗೂ ಸಂಬಂಧವಿಲ್ಲ. 1999ರಿಂದ 2006ರ ತನಕ ಬ್ರಿಟನ್ನಿನ ಲಿಬರಲ್ ಡೆಮಾಕ್ರಟ್ ಪಕ್ಷವನ್ನು ಮುನ್ನಡೆಸಿದವರು ಇವರು. ವಿಷಯ ತಿಳಿಸಿದಾಗ ಸಂಘಟಕರಲ್ಲೊಬ್ಬರು, ‘ಕುಡಿತದಿಂದ ಹಾಳಾದ ಮನುಷ್ಯನ ಕುರಿತು ನಮ್ಮ ವೇದಿಕೆಯಲ್ಲಿ ಮಾತನಾಡುವುದೇ?’ ಎಂದು ಕೇಳಿದರು. ಪ್ರಶ್ನೆ ಸಹಜವಾದುದು. ಅವರ ಕುಡಿತವನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಆದರೆ ಇರಾಕ್ ಯುದ್ಧವೆಂದರೆ ನಮಗೆ ನೆನಪಾಗುವುದು ಬುಷ್ ಮತ್ತು ಬ್ಲೇರ್ ಎಂಬ ಎರಡು ಹೆಸರುಗಳು ಮಾತ್ರ. ಅದೇ ಬ್ಲೇರ್‌ರ ಎದುರಿನಲ್ಲಿ, ಅದೇ ಸಂಸತ್ತಿನಲ್ಲಿ ಎದ್ದು ನಿಂತು ಈ ಯುದ್ಧಕ್ಕೆ ಆಧಾರವಿಲ್ಲ ಎಂದವರ ಹೆಸರು ನಮ್ಮ ಮಕ್ಕಳಿಗೆ ತಿಳಿದಿಲ್ಲ. ಯಾವುದೇ ಜನಾಂಗದ ಮೇಲಿನ ದ್ವೇಷವು ನಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದೆಂದು ಆಜ್ಞಾಪಿಸಲ್ಪಟ್ಟವರು ನಾವು. ಆ ಆಜ್ಞೆಯು ಇತಿಹಾಸವನ್ನು ಓದುವಾಗಲೂ ಅನ್ವಯಿಸುತ್ತದೆ.

ಕೆನಡಿ ಹುಟ್ಟಿದ್ದು 1959ರ ನವೆಂಬರ್ 25ರಂದು, ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ. ಬೆಳೆದದ್ದು ಫೋರ್ಟ್ ವಿಲಿಯಂ ಪಟ್ಟಣದ ಬಳಿ, ಸಣ್ಣ ಹಿಡುವಳಿಯ ಕ್ಯಾಥೊಲಿಕ್ ಕುಟುಂಬದಲ್ಲಿ. ಸ್ಥಳೀಯ ಸರಕಾರಿ ಶಾಲೆಯಲ್ಲಿ ಓದಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ರಾಜಕೀಯಶಾಸ್ತ್ರ ಮತ್ತು ತತ್ವಶಾಸ್ತ್ರ ಕಲಿತರು. ಅಲ್ಲಿನ ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿದರು. ಅನಂತರ ಅಲ್ಪಕಾಲ ಬಿಬಿಸಿಯಲ್ಲಿ ಪತ್ರಕರ್ತರಾಗಿ ದುಡಿದು, ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದರು. 1983ರ ಚುನಾವಣೆಗೆ ಸ್ಪರ್ಧಿಸಲು ಅಲ್ಲಿಂದ ಮರಳಿದಾಗ ವಯಸ್ಸು 23. ಲೇಬರ್ ಪಕ್ಷದಿಂದ ಸಿಡಿದು ಬಂದ ನಾಲ್ವರು ಹಿರಿಯರು 1981ರಲ್ಲಿ ಕಟ್ಟಿದ್ದ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಅವರು. ಎದುರಾಳಿ ಕನ್ಸರ್ವೇಟಿವ್ ಪಕ್ಷದ ಹಾಲಿ ಸಚಿವ. ತಂದೆ ಒಳ್ಳೆಯ ಪಿಟೀಲು ವಾದಕ. ಮಗನ ಸಭೆಗಳಲ್ಲಿ ಪಿಟೀಲು ನುಡಿಸಿ ಜನರನ್ನು ಸೇರಿಸುತ್ತಿದ್ದರಂತೆ. ಯಾರೂ ಗೆಲುವನ್ನು ನಿರೀಕ್ಷಿಸಿರಲಿಲ್ಲ. ಆದರೆ ಸಚಿವರು ಸೋತರು. ಕೆನಡಿ ಆ ಸಂಸತ್ತಿನ ಅತ್ಯಂತ ಕಿರಿಯ ಸದಸ್ಯರಾದರು. ಅಲ್ಲಿಂದ 2015ರ ತನಕ, 32 ವರ್ಷಗಳ ಕಾಲ ಆ ಗುಡ್ಡಗಾಡು ಪ್ರದೇಶದ ಜನರು ಅವರನ್ನು ಕೈಬಿಡಲಿಲ್ಲ.

1987ರ ಸೋಲಿನ ನಂತರ ಲಿಬರಲ್ ಪಕ್ಷದೊಂದಿಗೆ ವಿಲೀನವಾಗಬೇಕೆಂಬ ಪ್ರಶ್ನೆ ಬಂದಾಗ, ತಮ್ಮ ಪಕ್ಷದ ಪ್ರಬಲ ನಾಯಕ ಡೇವಿಡ್ ಓವೆನ್‌ರ ಇಷ್ಟಕ್ಕೆ ವಿರುದ್ಧವಾಗಿ ಅವರು ವಿಲೀನದ ಪರ ನಿಂತರು. 1988ರಲ್ಲಿ ಹೊಸ ಪಕ್ಷ ಅಸ್ತಿತ್ವಕ್ಕೆ ಬಂತು. 1999ರ ಆಗಸ್ಟ್‌ನಲ್ಲಿ, 39ನೆಯ ವಯಸ್ಸಿನಲ್ಲಿ, ಕೆನಡಿ ಅದರ ನಾಯಕರಾದರು. ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಅವರನ್ನು ಅನೇಕರು ಗಂಭೀರವಾಗಿ ಪರಿಗಣಿಸಿರಲಿಲ್ಲ. ಹರಟೆಮಲ್ಲ ಎಂದು ಅಡ್ಡಹೆಸರಿಟ್ಟವರೂ ಇದ್ದರು.

ಇನ್ನು ಯುದ್ಧದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ನಮ್ಮ ಸಮುದಾಯಕ್ಕೊಂದು ಅಭ್ಯಾಸವಿದೆ. ಯಾರಾದರೂ ನಮಗೆ ಹಿತವೆನಿಸುವ ಮಾತನಾಡಿದರೆ ಅವರನ್ನು ತಕ್ಷಣ ‘ಮುಸ್ಲಿಮರ ಮಿತ್ರ’ ಎಂದು ಹೆಗಲ ಮೇಲೆ ಕೂರಿಸಿಕೊಳ್ಳುತ್ತೇವೆ. ಮರುದಿನ ಅವರು ಬೇರೆ ಮಾತನಾಡಿದರೆ ದ್ರೋಹಿ ಎನ್ನುತ್ತೇವೆ. ಕೆನಡಿ ಆ ಅರ್ಥದಲ್ಲಿ ಮುಸ್ಲಿಮರ ಮಿತ್ರರಾಗಿರಲಿಲ್ಲ. 2001ರಲ್ಲಿ ಅಫಘಾನಿಸ್ತಾನದ ಮೇಲಿನ ದಾಳಿಯನ್ನು ಅವರ ಪಕ್ಷ ಬೆಂಬಲಿಸಿತ್ತು. ಅದು ನನಗೆ ಒಪ್ಪಿಗೆಯಾಗದ ನಿಲುವು. ಇರಾಕಿನ ವಿಷಯದಲ್ಲಿ ಅವರು ಕೇಳಿದ್ದು ಬೇರೆಯೇ ಪ್ರಶ್ನೆ: ಸಮೂಹನಾಶಕ ಅಸ್ತ್ರಗಳಿವೆ ಎಂಬುದಕ್ಕೆ ಪುರಾವೆ ಎಲ್ಲಿದೆ? ಹಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ಪರಿವೀಕ್ಷಕರಿಗೆ ಇನ್ನಷ್ಟು ಕಾಲಾವಕಾಶ ಕೊಡಲು ಏನು ಅಡ್ಡಿ? ಭದ್ರತಾ ಮಂಡಳಿಯ ಸ್ಪಷ್ಟ ಅನುಮತಿಯಿಲ್ಲದೆ ಒಂದು ದೇಶದ ಮೇಲೆ ಏರಿಹೋಗುವುದು ಯಾವ ಕಾನೂನು? ವಕೀಲರು ಕೇಳುವಂತಹ ಒಣ ಪ್ರಶ್ನೆಗಳಿವು. ಆದರೆ ಯುದ್ಧದಾಹಿಗಳಿಗೆ ಘೋಷಣೆಗಳಿಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಇಂತಹ ಪ್ರಶ್ನೆಗಳೇ.

2003ರ ಫೆಬ್ರವರಿ 15ರಂದು ಲಂಡನ್ನಿನಲ್ಲಿ ನಡೆದ ಮಹಾ ಮೆರವಣಿಗೆ ನಿಮಗೆ ನೆನಪಿರಬಹುದು. ಪೊಲೀಸರ ಲೆಕ್ಕದಲ್ಲೇ ಏಳೂವರೆ ಲಕ್ಷ ಜನ ಸೇರಿದ್ದರು. ಸಂಘಟಕರು ಹೇಳಿದ ಸಂಖ್ಯೆ ಅದಕ್ಕಿಂತಲೂ ಬಹಳ ಹೆಚ್ಚು. ಅದರಲ್ಲಿ ಭಾಗವಹಿಸಲು ಕೆನಡಿ ಮೊದಲು ಹಿಂಜರಿದಿದ್ದರು. ಪ್ರಧಾನ ಪಕ್ಷವೊಂದರ ನಾಯಕ ಬೀದಿಗಿಳಿಯುವುದು ಸರಿಯೇ ಎಂಬ ಅಳುಕು. ಕೊನೆಗೆ ಬಂದರು, ಹೈಡ್ ಪಾರ್ಕಿನಲ್ಲಿ ಮಾತನಾಡಿದರು. ಅಲ್ಲಿಯೂ ಅವರು ಅಬ್ಬರಿಸಲಿಲ್ಲ. ಯುದ್ಧದ ಅಗತ್ಯವು ತಮಗೆ ಮನವರಿಕೆಯಾಗಿಲ್ಲ ಎಂದಷ್ಟೇ ಹೇಳಿದರು.

ಮಾರ್ಚ್ 18ರಂದು ಸಂಸತ್ತಿನಲ್ಲಿ ಮತದಾನ. ಆಡಳಿತದಲ್ಲಿದ್ದ ಲೇಬರ್ ಪಕ್ಷವೂ, ಅಧಿಕೃತ ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷವೂ ಯುದ್ಧದ ಪರ. ವಿರೋಧ ಪಕ್ಷವೇ ಸರಕಾರದ ಮಗ್ಗುಲಲ್ಲಿ ನಿಂತಾಗ ಪ್ರಜಾಪ್ರಭುತ್ವದಲ್ಲಿ ಪ್ರಶ್ನಿಸುವವರು ಯಾರು? ಕೆನಡಿ ಮಾತನಾಡುವಾಗ ಸದನದಲ್ಲಿ ಕೂಗಾಟ ನಡೆಯಿತು. ಯುದ್ಧಪರ ಪತ್ರಿಕೆಗಳು ಅವರನ್ನು ಬೆನ್ನೆಲುಬಿಲ್ಲದವರೆಂದು ಜರೆದವು. ಆದರೂ ಅವರ ಪಕ್ಷದ ಸದಸ್ಯರು ಒಗ್ಗಟ್ಟಾಗಿ ವಿರುದ್ಧ ಮತ ಚಲಾಯಿಸಿದರು. ಯುದ್ಧದ ಅಗತ್ಯ ಸಾಬೀತಾಗಿಲ್ಲವೆಂಬ ತಿದ್ದುಪಡಿಗೆ ಲೇಬರ್ ಪಕ್ಷದ 139 ಮಂದಿ ಬಂಡಾಯಗಾರರೂ ಸೇರಿ 217 ಮತಗಳು ಬಂದವು, ವಿರುದ್ಧ 396. ಎರಡು ದಿನಗಳಲ್ಲಿ ಬಾಂಬುಗಳು ಬೀಳತೊಡಗಿದವು. ಯುದ್ಧ ಆರಂಭವಾದ ಮೇಲೆ ತಮ್ಮ ದೇಶದ ಸೈನಿಕರಿಗೆ ಬೆಂಬಲವಿದೆಯೆಂದು ಕೆನಡಿ ಹೇಳಿದರು. ನಮ್ಮಲ್ಲಿ ಕೆಲವರಿಗೆ ಅದು ರಾಜಿಯಂತೆ ಕಂಡಿತು. ಪ್ರಾಯಶಃ ಹೌದು. ಆದರೆ ಯುದ್ಧದ ಕುರಿತ ತಮ್ಮ ಅಭಿಪ್ರಾಯವನ್ನು ಅವರು ಹಿಂದೆಗೆದುಕೊಳ್ಳಲಿಲ್ಲ. ಗುಪ್ತಚರ ಮಾಹಿತಿಯ ತನಿಖೆಗೆಂದು 2004ರಲ್ಲಿ ಬಟ್ಲರ್ ಸಮಿತಿಯನ್ನು ನೇಮಿಸಿದಾಗ, ರಾಜಕೀಯ ತೀರ್ಮಾನಗಳನ್ನು ಪರಿಶೀಲಿಸದ ಸಮಿತಿಯಲ್ಲಿ ತಮ್ಮ ಪಕ್ಷ ಪಾಲ್ಗೊಳ್ಳದೆಂದು ನಿರಾಕರಿಸಿದರು. ಅಸ್ತ್ರಗಳು ಸಿಗಲೇ ಇಲ್ಲ. ನಿಶ್ಶಸ್ತ್ರೀಕರಣದ ಶಾಂತಿಯುತ ಮಾರ್ಗಗಳೆಲ್ಲ ಮುಗಿಯುವ ಮುನ್ನವೇ ಬ್ರಿಟನ್ ಯುದ್ಧಕ್ಕಿಳಿಯಿತೆಂದು ಚಿಲ್ಕಾಟ್ ವರದಿ 2016ರ ಜುಲೈನಲ್ಲಿ ಹೇಳಿತು. 2003ರಲ್ಲಿ ಕೆನಡಿ ಕೇಳಿದ್ದೂ ಅದನ್ನೇ. ವರದಿ ಬರುವಾಗ ಅವರು ತೀರಿಕೊಂಡು ವರ್ಷ ಕಳೆದಿತ್ತು.

ಮತದಾರರು ಇದನ್ನು ಗಮನಿಸಿದರು. 2003ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಬ್ರೆಂಟ್ ಈಸ್ಟ್ ಉಪಚುನಾವಣೆಯಲ್ಲಿ ಲೇಬರ್ ಪಕ್ಷದ 13 ಸಾವಿರಕ್ಕೂ ಮಿಕ್ಕಿದ ಬಹುಮತ ಕೊಚ್ಚಿಹೋಗಿ ಲಿಬರಲ್ ಡೆಮಾಕ್ರಟ್ ಪಕ್ಷದ ಯುವತಿ ಸಾರಾ ಟೀದರ್ ಗೆದ್ದರು. ಮರುವರ್ಷ ಲೆಸ್ಟರ್ ಸೌತ್‌ನಲ್ಲಿ ಅದೇ ಪಕ್ಷದ ಪರಮ್‌ಜಿತ್ ಸಿಂಗ್ ಗಿಲ್ ಗೆದ್ದರು. ಎರಡೂ ಕಡೆ ವಲಸಿಗ ಮೂಲದ ಕುಟುಂಬಗಳು, ಅವುಗಳಲ್ಲಿ ಬಹಳಷ್ಟು ಮುಸ್ಲಿಮರು, ತಲೆಮಾರುಗಳಿಂದ ಲೇಬರ್ ಪಕ್ಷಕ್ಕೇ ಮತ ನೀಡುತ್ತಾ ಬಂದಿದ್ದರು. ನಮ್ಮ ಮತ ಎಲ್ಲಿಗೂ ಹೋಗದು ಎಂಬ ಧೈರ್ಯದಲ್ಲಿದ್ದ ಪಕ್ಷಕ್ಕೆ ಅದು ಎಚ್ಚರಿಕೆಯಾಯಿತು. ಈ ಮಾತನ್ನು ಇಲ್ಲಿ ಕುಳಿತವರಿಗೆ ವಿವರಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ.

2005ರ ಮಹಾಚುನಾವಣೆಯಲ್ಲಿ ಪಕ್ಷಕ್ಕೆ ಶೇ. 22 ಮತಗಳು ಬಂದವು, ಸುಮಾರು 60 ಲಕ್ಷ. ಸ್ಥಾನಗಳು 646ರಲ್ಲಿ 62 ಮಾತ್ರ. ಹೆಚ್ಚು ಮತ ಪಡೆದವನೇ ಗೆಲ್ಲುವ, ನಾವು ಅವರಿಂದಲೇ ಪಡೆದುಕೊಂಡ ಚುನಾವಣಾ ಪದ್ಧತಿಯ ಮಹಿಮೆ ಇದು! ಆದರೂ 1920ರ ದಶಕದ ನಂತರ ಅಲ್ಲಿನ ಮೂರನೆಯ ಪಕ್ಷವೊಂದು ಅಷ್ಟು ಸ್ಥಾನಗಳನ್ನು ಪಡೆದದ್ದು ಅದೇ ಮೊದಲು. ಆ ಜುಲೈಯಲ್ಲಿ ಲಂಡನ್ನಿನ ರೈಲು ಮತ್ತು ಬಸ್ಸುಗಳಲ್ಲಿ ಬಾಂಬುಗಳು ಸಿಡಿದು 52 ಅಮಾಯಕರು ಸತ್ತರು. ಶಂಕಿತರನ್ನು ಆರೋಪಪಟ್ಟಿಯಿಲ್ಲದೆ 90 ದಿನ ಬಂಧನದಲ್ಲಿಡುವ ಅಧಿಕಾರವನ್ನು ಬ್ಲೇರ್ ಕೇಳಿದರು. ಟಾಡಾ ಮತ್ತು ಪೋಟಾಗಳನ್ನು ಕಂಡ ನಮಗೆ ಅದರ ಅರ್ಥ ಗೊತ್ತು. ಜನರ ಕೋಪ ಆರದ ಆ ದಿನಗಳಲ್ಲಿಯೂ ಕೆನಡಿಯವರ ಪಕ್ಷ ಅದನ್ನು ವಿರೋಧಿಸಿತು. ಈ ಬಾರಿ ಕನ್ಸರ್ವೇಟಿವ್ ಪಕ್ಷವೂ ಲೇಬರ್ ಬಂಡಾಯಗಾರರೂ ಜೊತೆಗೂಡಿದರು. ನವೆಂಬರ್ 9ರಂದು ಸರಕಾರ 291ಕ್ಕೆ 322 ಮತಗಳಿಂದ ಸೋತಿತು. ಪ್ರಧಾನಿಯಾದ ನಂತರ ಬ್ಲೇರ್ ಕೆಳಮನೆಯಲ್ಲಿ ಸೋತದ್ದು ಅದೇ ಮೊದಲು.

ಆದರೆ ಆ ನವೆಂಬರ್ ತಿಂಗಳಲ್ಲೇ ಕೆನಡಿಯವರ ಪತನವೂ ಸನ್ನಿಹಿತವಾಗಿತ್ತು.

ಅವರು ಮದ್ಯವ್ಯಸನಿಯೆಂಬುದು ಪಕ್ಷದ ಒಳವಲಯಕ್ಕೆ ವರ್ಷಗಳಿಂದ ತಿಳಿದಿತ್ತು. 2002ರಲ್ಲಿ ಟಿವಿ ಸಂದರ್ಶಕರೊಬ್ಬರು ನೇರವಾಗಿ ಕೇಳಿದಾಗ ಅಲ್ಲಗಳೆದರು. ಅಂತಹ ಪ್ರಶ್ನೆ ಕೇಳಿದ್ದಕ್ಕೆ ಟೀಕೆಗೊಳಗಾದವರು ಸಂದರ್ಶಕರೇ. 2003ರ ಜುಲೈನಲ್ಲಿ ಎಲ್ಲವನ್ನೂ ಬಹಿರಂಗವಾಗಿ ಒಪ್ಪಿಕೊಳ್ಳಲು ಸಿದ್ಧತೆ ನಡೆದು ಕೊನೆಯ ಗಳಿಗೆಯಲ್ಲಿ ಕೈಬಿಡಲಾಯಿತೆಂದು ಆಮೇಲೆ ಹೊರಬಂತು. 2004ರ ಮಾರ್ಚ್‌ನಲ್ಲಿ ಬಜೆಟ್ ದಿನದಂದೇ ಅವರು ಸದನಕ್ಕೆ ಬರಲಿಲ್ಲ. ಹೊಟ್ಟೆ ಕೆಟ್ಟಿದೆಯೆಂದು ಪಕ್ಷ ಹೇಳಿತು. ಹೀಗೆ ಒಂದು ಸುಳ್ಳನ್ನು ಉಳಿಸಲು ಮತ್ತೊಂದು. ಅವರನ್ನು ಪ್ರೀತಿಸುತ್ತಿದ್ದವರು ಅವರ ಮಾನ ಉಳಿಸಲೆಂದು, ಅವರಿಂದ ಮತ ಗಳಿಸುತ್ತಿದ್ದವರು ಪಕ್ಷ ಉಳಿಸಲೆಂದು ಮುಚ್ಚಿಟ್ಟರು. ಇದರಲ್ಲಿ ಯಾವುದೂ ಅವರನ್ನು ಉಳಿಸುವ ಕೆಲಸವಾಗಿರಲಿಲ್ಲ.

ಸಹೋದರರೇ, ಇಲ್ಲಿ ನಮ್ಮ ಮನೆಗಳ ಕಡೆಗೊಮ್ಮೆ ನೋಡುವುದು ಅನಿವಾರ್ಯ. ಮದ್ಯ ನಮಗೆ ನಿಷಿದ್ಧವಾದ್ದರಿಂದ ನಮ್ಮಲ್ಲಿ ಆ ಸಮಸ್ಯೆಯೇ ಇಲ್ಲವೆಂದು ಜುಮಾ ಪ್ರವಚನಗಳಲ್ಲಿ ಹೇಳಿಕೊಳ್ಳುತ್ತೇವೆ. ಇದೆ. ನಿಷಿದ್ಧವಾದ್ದರಿಂದಲೇ ಮುಚ್ಚಿಡುವಿಕೆಯೂ ಹೆಚ್ಚು. ಮಗ ರಾತ್ರಿ ತಡವಾಗಿ ಬಂದರೆ ‘ಜ್ವರ’ ಎನ್ನುವ ತಾಯಿ, ಮದುವೆ ಮಾಡಿದರೆ ಸರಿಯಾಗುತ್ತಾನೆಂದು ಯಾರದೋ ಮಗಳನ್ನು ಬಲಿಕೊಡುವ ತಂದೆ, ವಿಷಯ ತಿಳಿದರೂ ಚಂದಾ ಕೊಡುವವನೆಂದು ಸುಮ್ಮನಿರುವ ಜಮಾಅತ್. ಇನ್ನೊಂದು ಕಡೆ, ಸಿಕ್ಕಿಬಿದ್ದವನಿಗೆ ಬಹಿಷ್ಕಾರ. ನಡುವೆ ಚಿಕಿತ್ಸೆಯೆಂಬುದೊಂದಿದೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಪ್ರವಾದಿಯವರ(ಸ) ಕಾಲದಲ್ಲಿ ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯೊಬ್ಬನಿದ್ದ. ಒಮ್ಮೆ ಯಾರೋ ಅವನನ್ನು ಶಪಿಸಿದರು. ಪ್ರವಾದಿಯವರು(ಸ) ತಡೆದರು, ಅವನು ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಅಪರಾಧವನ್ನು ಅಪರಾಧವಲ್ಲ ಎನ್ನಲಿಲ್ಲ, ಮನುಷ್ಯನನ್ನೂ ಬಿಟ್ಟುಕೊಡಲಿಲ್ಲ. ಬುಖಾರಿಯಲ್ಲಿ ಇರುವ ಈ ಘಟನೆಯನ್ನು ಮದರಸದಲ್ಲಿ ಓದಿದ್ದೇವೆ. ಓಣಿಯಲ್ಲಿ ಅನುಸರಿಸಿದ್ದು ಕಡಿಮೆ.

ಮತ್ತೆ ಕೆನಡಿಯ ಕಡೆಗೆ. 2006ರ ಜನವರಿ 5ರಂದು, ಸುದ್ದಿವಾಹಿನಿಯೊಂದು ಎಲ್ಲವನ್ನೂ ಬಯಲು ಮಾಡಲಿದೆಯೆಂದು ತಿಳಿದ ಮೇಲೆ, ಅವರು ತಾವೇ ಪತ್ರಕರ್ತರನ್ನು ಕರೆದು ಕುಡಿತದ ಸಮಸ್ಯೆಗೆ ಚಿಕಿತ್ಸೆ ಪಡೆಯುತ್ತಿರುವುದಾಗಿ ಒಪ್ಪಿಕೊಂಡರು. ನಾಯಕತ್ವಕ್ಕೆ ಮತ್ತೆ ಸ್ಪರ್ಧಿಸುವುದಾಗಿ ಹೇಳಿದರು. ಆದರೆ ಅವರ ನೇತೃತ್ವದಲ್ಲಿ ಕೆಲಸ ಮಾಡಲಾರೆವೆಂದು 25 ಮಂದಿ ಸಂಸದರು ತಿಳಿಸಿದರು. ಜನವರಿ 7ರಂದು ರಾಜೀನಾಮೆ ನೀಡಿದರು. ಮೆಂಝೀಸ್ ಕ್ಯಾಂಪ್‌ಬೆಲ್ ಉತ್ತರಾಧಿಕಾರಿಯಾದರು.

ಅನಂತರದ ಒಂಬತ್ತು ವರ್ಷಗಳನ್ನು ಹಿಂದಿನ ಸಾಲಿನ ಸದಸ್ಯರಾಗಿ ಕಳೆದರು. 2010ರಲ್ಲಿ ತಮ್ಮ ಪಕ್ಷ ಕನ್ಸರ್ವೇಟಿವ್ ಪಕ್ಷದೊಡನೆ ಸರಕಾರ ರಚಿಸಿದಾಗ ಅದನ್ನು ಬೆಂಬಲಿಸಿ ಮತ ನೀಡಲಿಲ್ಲ. ವಿಶ್ವವಿದ್ಯಾನಿಲಯ ಶುಲ್ಕ ಹೆಚ್ಚಿಸುವುದಿಲ್ಲವೆಂದು ಮಾತು ಕೊಟ್ಟಿದ್ದ ಪಕ್ಷ ಮಾತಿಗೆ ತಪ್ಪಿದಾಗ ವಿರುದ್ಧ ಮತ ಹಾಕಿದರು. ಅಧಿಕಾರದ ರುಚಿ ಕಂಡ ಪಕ್ಷಕ್ಕೆ 2015ರಲ್ಲಿ ದಕ್ಕಿದ್ದು ಎಂಟು ಸ್ಥಾನ. ಅದೇ ಚುನಾವಣೆಯಲ್ಲಿ ಸ್ಕಾಟಿಷ್ ರಾಷ್ಟ್ರವಾದಿಗಳು 59ರಲ್ಲಿ 56 ಕ್ಷೇತ್ರಗಳನ್ನು ಗೆದ್ದರು. ಮೈತ್ರಿಗೆ ಒಪ್ಪದ ಕೆನಡಿಯೂ ಆ ಪ್ರವಾಹದಲ್ಲಿ ಸೋತರು. ತಂದೆ ಏಪ್ರಿಲ್‌ನಲ್ಲಷ್ಟೇ ತೀರಿಹೋಗಿದ್ದರು. ವಿವಾಹ 2010ರಲ್ಲೇ ಮುರಿದಿತ್ತು. ಜೂನ್ 1ರಂದು ಫೋರ್ಟ್ ವಿಲಿಯಂನ ತಮ್ಮ ಮನೆಯಲ್ಲಿ ಅವರು ನಿಧನರಾದರು. ಕುಡಿತದ ಫಲವಾದ ತೀವ್ರ ರಕ್ತಸ್ರಾವವೇ ಕಾರಣವೆಂದು ಕುಟುಂಬವು ಪ್ರಕಟಿಸಿತು. ಈ ಬಾರಿ ಹೊಟ್ಟೆನೋವೆಂದು ಯಾರೂ ಹೇಳಲಿಲ್ಲ. ವಯಸ್ಸು 55.

ಎರಡು ದಿನಗಳ ನಂತರ ಸಂಸತ್ತು ಅವರಿಗೆ ಶ್ರದ್ಧಾಂಜಲಿ ಸಲ್ಲಿಸಿತು. ಇರಾಕಿನ ವಿಷಯದಲ್ಲಿ ಅವರನ್ನು ವಿರೋಧಿಸಿದ್ದ ಪಕ್ಷಗಳ ಸದಸ್ಯರೂ ಎದ್ದು ನಿಂತು ಅವರ ನಿಲುವನ್ನು ಸ್ಮರಿಸಿದರು. ಮೇಲಿನ ಗ್ಯಾಲರಿಯಲ್ಲಿ ಅವರ ಹತ್ತು ವರ್ಷದ ಮಗ ಕುಳಿತು ಎಲ್ಲವನ್ನೂ ಕೇಳುತ್ತಿದ್ದ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ನಮಾಝಿನ ಬಳಿಕ ಮಾತನಾಡೋಣ. ಅಸ್ಸಲಾಮು ಅಲೈಕುಮ್.