ಮತ್ತೆ ಹುಟ್ಟು ಹಿಡಿದ ತಾಯಿ



ಇವತ್ತು ದೂರದ ದೇಶದ ಒಬ್ಬ ಹೆಣ್ಣುಮಗಳ ವಿಷಯ ಹೇಳ್ತೀನಿ. ಅವಳ ಹೆಸರು ಕರೋಲಿನಾ ನಾಯಾ. ದೇಶ ಪೋಲೆಂಡ್. ಅದು ಯುರೋಪಿನಲ್ಲಿದೆ. ಅವಳು 1990ರಲ್ಲಿ ತಿಖಿ ಎಂಬ ಊರಲ್ಲಿ ಹುಟ್ಟಿದಳು. ಅದು ಕಲ್ಲಿದ್ದಲು ಗಣಿಗಳ ಸೀಮೆ. ಗಣಿ ಸೀಮೆಯ ಹುಡುಗಿ ನೀರಿನ ಆಟದಲ್ಲಿ ಹೆಸರು ಮಾಡಿದಳು. ಅವಳ ಆಟ ದೋಣಿ ಪಂದ್ಯ.

ಆ ದೋಣಿ ನಮ್ಮ ಹರಿಗೋಲಿನ ಹಾಗೆ ಗುಂಡಗಿಲ್ಲ. ಉದ್ದ, ಬಲು ಕಿರಿದು, ಹಗುರ. ಅದಕ್ಕೆ ಕಯಾಕ್ ಅಂತಾರೆ. ಕೈಯಲ್ಲಿ ಒಂದು ಹುಟ್ಟು. ಅದರ ಎರಡು ತುದಿಯೂ ಅಗಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹುಟ್ಟು ಹಾಕಬೇಕು. ಮೈ ವಾಲಿದರೆ ದೋಣಿ ಮಗುಚುತ್ತೆ. ಇಬ್ಬರ ದೋಣಿಯಾದರೆ ಇಬ್ಬರ ಹುಟ್ಟೂ ಒಟ್ಟಿಗೆ ನೀರಿಗೆ ಬೀಳಬೇಕು. ಇಬ್ಬರು ಸೇರಿ ಭತ್ತ ಕುಟ್ಟುವಾಗ ತಾಳ ತಪ್ಪಿದರೆ ಏನಾಗುತ್ತೆ? ಅದು ನಿಮಗೇ ಗೊತ್ತು. ಇಲ್ಲೂ ಹಾಗೇ.

ಪಂದ್ಯದ ದೂರ 500 ಮೀಟರ್. ಅಂದರೆ ಅರ್ಧ ಕಿಲೋಮೀಟರ್. ಎರಡು ನಿಮಿಷದೊಳಗೆ ಮುಗಿದು ಹೋಗುತ್ತೆ. ಆ ಎರಡು ನಿಮಿಷಕ್ಕೆ ವರ್ಷಗಟ್ಟಲೆ ದುಡಿಮೆ.

ಒಲಿಂಪಿಕ್ಸ್ ಅಂದರೆ ಇಡೀ ಲೋಕದ ಆಟದ ಜಾತ್ರೆ. ಅಲ್ಲಿ ಗಂಡಸರ ಕಯಾಕ್ ಪಂದ್ಯ 1936ರಲ್ಲೇ ಶುರುವಾಯಿತು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1948ರಲ್ಲಿ.

2012ರಲ್ಲಿ ಲಂಡನ್ನಿನಲ್ಲಿ ಕರೋಲಿನಾ ಮತ್ತು ಬೆಯಾತಾ ಎಂಬ ಗೆಳತಿ ಮೂರನೆಯವರಾಗಿ ಬಂದರು. ಕಂಚಿನ ಪದಕ ಸಿಕ್ಕಿತು. 2016ರಲ್ಲಿ ರಿಯೋ ನಗರದಲ್ಲಿ ಅದೇ ಜೋಡಿಗೆ ಮತ್ತೆ ಕಂಚು.

ಆಮೇಲೆ ಕರೋಲಿನಾಗೆ ಮಗು ಆಯ್ತು. ಸ್ವಲ್ಪ ಕಾಲ ಆಟದಿಂದ ದೂರ ಉಳಿದಳು.

ಹೆತ್ತ ಮೈ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸೊಂಟದಲ್ಲಿ ಬಲ ಇರಲ್ಲ. ಕಣ್ಣಿಗೆ ನಿದ್ದೆ ಇರಲ್ಲ. ಕಯಾಕ್ ನಡೆಸೋಕೆ ಬರೀ ತೋಳು ಸಾಲದು. ಹೊಟ್ಟೆ, ಸೊಂಟ, ಕಾಲು ಎಲ್ಲವೂ ಗಟ್ಟಿ ಇರಬೇಕು. ಆದರೂ ಕರೋಲಿನಾ ಮತ್ತೆ ಹುಟ್ಟು ಹಿಡಿದಳು.

ಮುಂದಿನ ಒಲಿಂಪಿಕ್ಸ್ 2020ರಲ್ಲಿ ಜಪಾನಿನ ಟೋಕಿಯೋದಲ್ಲಿ ಆಗಬೇಕಿತ್ತು. ಕೊರೋನಾ ಬಂದು 2021ಕ್ಕೆ ಹೋಯಿತು. ಅಲ್ಲಿ ಕರೋಲಿನಾ ಮತ್ತು ಅನ್ನಾ ಎಂಬಾಕೆ ಎರಡನೆಯವರಾಗಿ ಬಂದರು. ಬೆಳ್ಳಿ ಪದಕ! ನಾಲ್ವರ ದೋಣಿಯಲ್ಲಿ ಇನ್ನೊಂದು ಕಂಚು. ತಾಯಿಯಾಗುವ ಮೊದಲು ಎರಡು ಪದಕ, ತಾಯಿಯಾದ ಮೇಲೆ ಎರಡು. 2022ರಲ್ಲಿ ಕೆನಡಾದಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಇದೇ ಜೋಡಿ ಚಿನ್ನವನ್ನೂ ಗೆದ್ದಿತು.

ನಿಮ್ಮಲ್ಲೂ ಎಷ್ಟೋ ಜನ ಮದುವೆ, ಮಕ್ಕಳು ಅಂತ ಸ್ಲೇಟು ಬಿಟ್ಟವರು. ಈಗ ಮತ್ತೆ ಹಿಡಿದಿದ್ದೀರಿ. ಮಗು ಎತ್ತಿಕೊಂಡೇ ಅಕ್ಷರ ತಿದ್ದುತ್ತಿದ್ದೀರಿ. ಆದರೆ ಒಂದು ಮಾತು ನೆನಪಿಡಿ. ಕರೋಲಿನಾ ಗೆದ್ದದ್ದು ಒಬ್ಬಳೇ ಅಲ್ಲ. ಅದೇ ದೋಣಿಯಲ್ಲಿ ಜೊತೆಗೂಡಿ ಹುಟ್ಟು ಹಾಕುವವರು ಇದ್ದರು.

ನೀವು ಕಲಿಯೋಕೆ ಬಂದಾಗ ನಿಮ್ಮ ಮಗುವನ್ನು ಯಾರು ನೋಡ್ಕೋತಾರೆ? ಒಲೆ ಮುಂದೆ ಯಾರು ಕೂರ್ತಾರೆ? ನಿಮ್ಮ ದೋಣಿಯಲ್ಲಿ ಹುಟ್ಟು ಹಾಕುವವರು ಯಾರು?

ಬನ್ನಿ, ಇದನ್ನೇ ಇವತ್ತು ಎಲ್ಲರೂ ಕೂತು ಮಾತಾಡೋಣ.